ಅಭಿಮಾನಿಯ ಸಿಟ್ಟಿಗೆ ಆಧಾರವಿದೆ

ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಪಂದ್ಯಾವಳಿ ಎನ್‌ಆರ್‌ಎಲ್. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಅದರ ಕಪ್ ಗೆದ್ದದ್ದು ಪೆನ್ರಿತ್ ಪ್ಯಾಂಥರ್ಸ್. ಕೋಚ್ ಐವನ್ ಕ್ಲಿಯರಿ. 2025ರಲ್ಲಿ ಗೆದ್ದದ್ದು ಬ್ರಿಸ್ಬೇನ್ ಬ್ರಾಂಕೋಸ್; ಕೋಚ್ ಮೈಕೆಲ್ ಮಗ್ವಾಯರ್. ಈ ಇಬ್ಬರೂ ಕೆಲವೇ ವರ್ಷಗಳ ಹಿಂದೆ ಸಿಡ್ನಿಯ ವೆಸ್ಟ್ಸ್ ಟೈಗರ್ಸ್ ತಂಡದ ಕೋಚ್ ಆಗಿದ್ದವರು. ಕ್ಲಿಯರಿ ಒಪ್ಪಂದದ ಅವಧಿ ಮುಗಿಯುವ ಮೊದಲೇ ಬಿಟ್ಟು ಹೋದರು. ಮಗ್ವಾಯರ್ ಅವರನ್ನು ಸೀಸನ್ ನಡುವೆಯೇ ಮನೆಗೆ ಕಳಿಸಲಾಯಿತು. ಇವರು ಬೇರೆ ಊರುಗಳಲ್ಲಿ ಕಪ್ ಎತ್ತುತ್ತಿದ್ದ ಅದೇ ಐದು ವರ್ಷಗಳಲ್ಲಿ ಟೈಗರ್ಸ್ 2022, 2023, 2024ರಲ್ಲಿ ಸಾಲಾಗಿ ಮೂರು ಸಲ ಅಂಕಪಟ್ಟಿಯ ಕಟ್ಟಕಡೆಗೆ ಕುಸಿಯಿತು. ತಂಡದ ಅಭಿಮಾನಿಗಳು ರೋಸಿಹೋಗಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ರೋಸಿಕೆಗೆ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ. ಸೋತಾಗ ಬೈಯುವುದು, ಗೆದ್ದಾಗ ಹೊಗಳುವುದು ಅಭಿಮಾನಿಯ ಜಾಯಮಾನ ಎಂದು ಅದನ್ನು ಬದಿಗೆ ಸರಿಸುವುದು ಸುಲಭ. ನಾನು ಹಾಗೆ ನೋಡುವುದಿಲ್ಲ. ಟೈಗರ್ಸ್ ಅಭಿಮಾನಿಯ ಹತಾಶೆಯಲ್ಲಿ ಕ್ಲಬ್ಬಿನ ಬಗ್ಗೆ ಒಂದು ತೀರ್ಮಾನವಿದೆ, ಆ ತೀರ್ಮಾನಕ್ಕೆ ಸಾಕ್ಷ್ಯವಿದೆ, ಮತ್ತು ಅದು ಕ್ಲಬ್ ತನ್ನ ಬಗ್ಗೆ ತಾನು ಕೊಟ್ಟುಕೊಂಡ ವಿವರಣೆಗಿಂತ ಹೆಚ್ಚು ಸರಿಯಾಗಿದೆ. ಅದು ತಪ್ಪುವುದು ಒಂದೇ ಕಡೆ, ಯಾರ ಮೇಲೆ ಎರಗಬೇಕು ಎಂಬುದರಲ್ಲಿ.

ಈ ಆಟ ನೋಡದವರಿಗಾಗಿ ನಾಲ್ಕು ಮಾತು. ಒಂದೊಂದು ತಂಡದಲ್ಲಿ ಹದಿಮೂರು ಮಂದಿ, ಎಂಬತ್ತು ನಿಮಿಷದ ಆಟ. ಚೆಂಡು ಹಿಡಿದು ಮುನ್ನುಗ್ಗುವವನನ್ನು ಎದುರಾಳಿಗಳು ಕಬಡ್ಡಿಯ ರೈಡರ್‌ನನ್ನು ಕೆಡವುವ ಹಾಗೆ ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಗಡಿ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು, ಇಲ್ಲವೇ ಚೆಂಡು ಒಪ್ಪಿಸಬೇಕು. ಮುಟ್ಟಿಸಿದರೆ ಟ್ರೈ, ನಾಲ್ಕು ಪಾಯಿಂಟ್. ಬಳಿಕ ಒದ್ದು ಗೋಲು ಹೊಡೆದರೆ ಇನ್ನೆರಡು. ಅಂಕಪಟ್ಟಿಯಲ್ಲಿ ಕಡೆಯವರಾಗಿ ನಿಂತವರಿಗೆ ‘ವುಡನ್ ಸ್ಪೂನ್’ ಎಂಬ ಅಡ್ಡಹೆಸರಿನ ಅವಮಾನ. ಕೆಳಗಿನ ದರ್ಜೆಗೆ ಇಳಿಸುವ ಪದ್ಧತಿ ಇಲ್ಲಿಲ್ಲವಾದ್ದರಿಂದ ಎಷ್ಟು ಸೋತರೂ ಮುಂದಿನ ವರ್ಷ ಅದೇ ಲೀಗ್, ಅದೇ ಜಾಗ. ಇಲ್ಲಿಂದಲೇ ಮೊದಲ ಆಕ್ಷೇಪ ಹುಟ್ಟುತ್ತದೆ: ಹದಿನೇಳು ತಂಡಗಳಿದ್ದರೆ ಯಾರಾದರೊಬ್ಬರು ಹದಿನೇಳನೆಯವರಾಗಲೇಬೇಕಲ್ಲ? ಒಂದು ವರ್ಷದ ಮಟ್ಟಿಗೆ ಈ ಮಾತು ಸರಿ. ಆದರೆ ಎನ್‌ಆರ್‌ಎಲ್‌ನಲ್ಲಿ ಮೊದಲ ಎಂಟು ತಂಡಗಳು ಫೈನಲ್ಸ್ ಹಂತಕ್ಕೆ ಹೋಗುತ್ತವೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ತಂಡಗಳಿಗೆ ಆ ಬಾಗಿಲು ತೆರೆದಿರುತ್ತದೆ. ಟೈಗರ್ಸ್ ಅದನ್ನು ಕೊನೆಯ ಸಲ ದಾಟಿದ್ದು 2011ರಲ್ಲಿ. ಅಲ್ಲಿಂದ 2025ರವರೆಗೆ ಹದಿನಾಲ್ಕು ಸೀಸನ್ ಹೊರಗೇ ಉಳಿದಿದೆ. ಪ್ರತಿ ವರ್ಷದ ಫಲಿತಾಂಶವನ್ನು ಬರೀ ಚೀಟಿ ಎತ್ತಿ ನಿರ್ಧರಿಸಿದ್ದರೂ ಒಂದೇ ತಂಡ ಹದಿನಾಲ್ಕು ಸಲ ಸತತವಾಗಿ ಹೊರಗುಳಿಯುವ ಸಾಧ್ಯತೆ ಸುಮಾರು 14,000ಕ್ಕೆ 1. ಅದೃಷ್ಟ ಕೈಕೊಟ್ಟಿತು ಎಂಬ ವಿವರಣೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಎಲ್ಲ ತಂಡಗಳಿಗೂ ಆಟಗಾರರ ಸಂಬಳಕ್ಕೆ ಒಂದೇ ಮಿತಿ ಹಾಕುವ ಸ್ಯಾಲರಿ ಕ್ಯಾಪ್ ಇರುವ ಲೀಗ್‌ನಲ್ಲಂತೂ ಬಡತನದ ನೆಪವೂ ಅಷ್ಟು ಸುಲಭಕ್ಕೆ ಸಿಗದು.

ಹಾಗಾದರೆ ಈ ಅಭಿಮಾನಿ ಯಾರು, ಯಾವುದಕ್ಕೆ ಅಂಟಿಕೊಂಡವನು? ವೆಸ್ಟ್ಸ್ ಟೈಗರ್ಸ್ ಹುಟ್ಟಿದ್ದು ಎರಡು ಹಳೆಯ ಕ್ಲಬ್‌ಗಳ ಬಲವಂತದ ಮದುವೆಯಿಂದ. ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್, ಎರಡೂ 1908ರಲ್ಲಿ ಲೀಗ್ ಶುರುವಾದಾಗಿನಿಂದ ಇದ್ದವು. ಬಾಲ್ಮೇನ್ ಹನ್ನೊಂದು ಸಲ ಚಾಂಪಿಯನ್, ಕೊನೆಯದು 1969ರಲ್ಲಿ. ವೆಸ್ಟರ್ನ್ ಸಬರ್ಬ್ಸ್ ನಾಲ್ಕು ಸಲ, ಕೊನೆಯದು 1952ರಲ್ಲಿ. ತೊಂಬತ್ತರ ದಶಕದಲ್ಲಿ ಟಿವಿ ಹಕ್ಕುಗಳಿಗಾಗಿ ನಡೆದ ‘ಸೂಪರ್ ಲೀಗ್’ ಸಮರ ಮುಗಿದ ಮೇಲೆ, 2000ದ ಹೊತ್ತಿಗೆ ತಂಡಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಇಳಿಸುವುದೆಂದು ನಿರ್ಧಾರವಾಯಿತು. ಉಳಿಯಬೇಕಾದರೆ ಒಂದಾಗಬೇಕಿತ್ತು, ಇವೆರಡೂ ಒಂದಾದವು. ಬಂದರಿನ ದಂಡೆಯ ಹಳೆಯ ಕಾರ್ಮಿಕ ಬಡಾವಣೆ ಬಾಲ್ಮೇನ್‌ನ ಜನರೂ, ನಗರದ ನಡುಭಾಗದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ವೆಸ್ಟರ್ನ್ ಸಬರ್ಬ್ಸ್ ನೆಲೆಸಿದ್ದ ಕ್ಯಾಂಪ್‌ಬೆಲ್‌ಟೌನ್‌ನ ಜನರೂ ಒಂದೇ ಜರ್ಸಿ ತೊಡಬೇಕಾಯಿತು. ಅಜ್ಜನ ಕಾಲದ ಬಣ್ಣಗಳನ್ನು ಅರ್ಧಕ್ಕರ್ಧ ಬಿಟ್ಟುಕೊಟ್ಟು ಈ ಹೊಸ ತಂಡವನ್ನು ತಮ್ಮದೆಂದು ಒಪ್ಪಿಕೊಂಡವರು ಇವರು. ತಾಳ್ಮೆಯಿಲ್ಲದವರು ಅಷ್ಟು ದೂರ ಬರುತ್ತಿರಲಿಲ್ಲ.

ಒಪ್ಪಿಕೊಂಡದ್ದಕ್ಕೆ ಬೇಗನೆ ಫಲವೂ ಸಿಕ್ಕಿತು. 2005ರ ಗ್ರಾಂಡ್ ಫೈನಲ್‌ನಲ್ಲಿ, ಅಂದರೆ ಕಪ್ ನಿರ್ಧರಿಸುವ ಕೊನೆಯ ಪಂದ್ಯದಲ್ಲಿ, ಟೈಗರ್ಸ್ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು 30–16ರಿಂದ ಸೋಲಿಸಿತು. ಆ ಪಂದ್ಯದ ಒಂದು ಟ್ರೈಯನ್ನು ಆಸ್ಟ್ರೇಲಿಯಾದಲ್ಲಿ ಇಂದಿಗೂ ಮರುಪ್ರಸಾರ ಮಾಡುತ್ತಾರೆ. ಇಪ್ಪತ್ತರ ಹರೆಯದ ಬೆಂಜಿ ಮಾರ್ಷಲ್ ತನ್ನದೇ ಗಡಿಯ ಹತ್ತಿರ ಚೆಂಡು ಹಿಡಿದು ಎಡಬದಿಯಿಂದ ಓಟ ಕಿತ್ತ. ಎದುರಾಳಿ ಮೈಮೇಲೆ ಬರುವ ಕ್ಷಣದಲ್ಲಿ, ತಿರುಗಿಯೂ ನೋಡದೆ, ಬೆನ್ನ ಹಿಂದಿನಿಂದ ಒಂದೇ ಕೈಯಲ್ಲಿ ಚೆಂಡನ್ನು ಪಕ್ಕಕ್ಕೆ ಚಿಮ್ಮಿಸಿದ. ಜೊತೆಗೆ ಓಡಿಬರುತ್ತಿದ್ದ ಪ್ಯಾಟ್ ರಿಚರ್ಡ್ಸ್ ಅದನ್ನು ಹಿಡಿದು, ಅಡ್ಡ ಬಂದವನನ್ನು ಅಂಗೈಯಿಂದ ತಳ್ಳಿ, ಮೂಲೆಯಲ್ಲಿ ಟ್ರೈ ಮಾಡಿದ. ಆ ಪಾಸ್‌ನ ಚೆಲುವು ಬರೀ ಕೈಚಳಕದ್ದಲ್ಲ. ಪಕ್ಕದಲ್ಲಿ ಒಬ್ಬ ಇದ್ದೇ ಇರುತ್ತಾನೆ ಎಂದು ನೋಡದೆಯೇ ನಂಬುವಷ್ಟು ಹೊಂದಿಕೆ ಆ ತಂಡದಲ್ಲಿತ್ತು. ಅಭಿಮಾನಿ ಈಗ ಹುಡುಕುತ್ತಿರುವುದು ಅದನ್ನೇ, ಮತ್ತು ಅವನ ಅಳತೆಗೋಲು ಅಲ್ಲಿ ಸಿದ್ಧವಾದದ್ದು. ಕೋಚ್ ಟಿಮ್ ಶೀನ್ಸ್ ಕೈಕೆಳಗೆ ಕಿರಿಯರು ಬೆಳೆದು, ಒಟ್ಟಿಗೆ ಆಡಿ, ಗೆದ್ದದ್ದನ್ನು ಅವನು ಕಂಡಿದ್ದಾನೆ. ಅದು ಆಗದ ಕೆಲಸವೆಂದು ಅವನಿಗೆ ಈಗ ಯಾರೂ ನಂಬಿಸಲಾರರು.

ಈಗ ಸೋಲಿನ ವರ್ಷಗಳನ್ನು ಹತ್ತಿರದಿಂದ ನೋಡೋಣ. ಬರೀ ಕೆಟ್ಟ ತಂಡ ಸೋತರೆ ನೋಡುವವನಿಗೆ ಬೇಸರವಾಗುತ್ತದೆ, ಸಿಟ್ಟು ಬರುವುದಿಲ್ಲ. ಟೈಗರ್ಸ್‌ನ ಕಥೆ ಬೇರೆ. 2023ರಲ್ಲಿ ಅದು ಇಪ್ಪತ್ನಾಲ್ಕು ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು. ಆ ನಾಲ್ಕರಲ್ಲಿ ಒಂದು, ಏಪ್ರಿಲ್‌ನಲ್ಲಿ ಬ್ಯಾಥರ್ಸ್ಟ್‌ನಲ್ಲಿ 12–8ರಿಂದ ಮಣಿಸಿದ್ದು ಸ್ವತಃ ಚಾಂಪಿಯನ್ ಪೆನ್ರಿತ್ ತಂಡವನ್ನು. ಮೇ 20ರಂದು ಲೈಕಾರ್ಟ್ ಓವಲ್ ಮೈದಾನದಲ್ಲಿ ಕೌಬಾಯ್ಸ್ ವಿರುದ್ಧ 66–18ರ ಗೆಲುವು. ಹುಲ್ಲಿನ ದಿಬ್ಬದ ಮೇಲೆ ಜನ ಕೂರುವ, ಕೈಯಿಂದ ಅಂಕೆ ಬದಲಿಸುವ ಹಳೆಯ ಸ್ಕೋರ್‌ಬೋರ್ಡ್ ಇರುವ ಮೈದಾನ ಅದು; ಆ ದಿನ ಅಂಕೆ ಬದಲಿಸುವವರಿಗೆ ಬಿಡುವೇ ಇರಲಿಲ್ಲ. ಆರು ವಾರ ಕಳೆಯಿತು. ಜುಲೈ 1ರಂದು ಟೌನ್ಸ್‌ವಿಲ್‌ನಲ್ಲಿ ಅದೇ ಕೌಬಾಯ್ಸ್ ಎದುರು ಟೈಗರ್ಸ್ ಸೋತದ್ದು 74–0ರಿಂದ. ಎಂಬತ್ತು ನಿಮಿಷದಲ್ಲಿ ಎಪ್ಪತ್ನಾಲ್ಕು ಪಾಯಿಂಟ್, ಹೆಚ್ಚುಕಡಿಮೆ ನಿಮಿಷಕ್ಕೊಂದರಂತೆ ಬಿಟ್ಟುಕೊಟ್ಟಿದ್ದಾಯಿತು; ಗಳಿಸಿದ್ದು ಸೊನ್ನೆ. ಹಿಂದಿನ ವರ್ಷವೂ ಹೀಗೇ ಆಗಿತ್ತು. ಈಸ್ಟರ್ ಸೋಮವಾರ ಪ್ಯಾರಮಟ್ಟಾ ಈಲ್ಸ್ ತಂಡವನ್ನು 21–20ರಿಂದ ಸೋಲಿಸಿದರು. ಆ ಪ್ಯಾರಮಟ್ಟಾ ಅದೇ ವರ್ಷ ಗ್ರಾಂಡ್ ಫೈನಲ್ ತಲುಪಿತು. ಆಗಸ್ಟ್‌ನಲ್ಲಿ ರೂಸ್ಟರ್ಸ್ ಎದುರು 72–6ರಿಂದ ಸೋತರು. 2024ರ ಕಡೆಯ ಪಂದ್ಯ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ. ಗೆದ್ದಿದ್ದರೆ ವುಡನ್ ಸ್ಪೂನ್ ಪ್ಯಾರಮಟ್ಟಾದ ಪಾಲಾಗುತ್ತಿತ್ತು. ಫಲಿತಾಂಶ 60–26, ಪ್ಯಾರಮಟ್ಟಾ ಪರ.

ಈ ಅಂಕಿಗಳು ಒಂದು ವಿಷಯವನ್ನು ಖಚಿತವಾಗಿ ಹೇಳುತ್ತವೆ. ಚಾಂಪಿಯನ್ನರನ್ನು ಸೋಲಿಸಬಲ್ಲ, ಒಂದು ಮಧ್ಯಾಹ್ನದಲ್ಲಿ ಅರವತ್ತಾರು ಪಾಯಿಂಟ್ ಬಾರಿಸಬಲ್ಲ ಆಟಗಾರರಿಗೆ ಆಟ ಗೊತ್ತಿಲ್ಲ ಎನ್ನಲಾಗದು. ಗೊತ್ತಿರುವುದನ್ನು ವಾರದಿಂದ ವಾರಕ್ಕೆ, ಸೀಸನ್‌ನಿಂದ ಸೀಸನ್‌ಗೆ ಉಳಿಸಿಕೊಂಡು ಹೋಗುವ ವ್ಯವಸ್ಥೆ ಅವರ ಸುತ್ತ ಇರಲಿಲ್ಲ. ಅಭಿಮಾನಿ ಸೋಲನ್ನು ಕ್ಷಮಿಸುತ್ತಾನೆ; ಕ್ಷಮಿಸಲಾಗದ್ದು ಏನನ್ನೂ ಉಳಿಸಿಕೊಳ್ಳದ ಈ ಚಾಳಿಯನ್ನು. ಗೆಲುವು ಕೂಡ ಅವನಿಗೆ ನೆಮ್ಮದಿ ಕೊಡದ ಸ್ಥಿತಿ ಬಂದದ್ದು ಇದರಿಂದ. 66–18 ಕಂಡವನು ಮುಂದಿನ ವಾರದ ಬಗ್ಗೆ ಭರವಸೆ ಇಟ್ಟುಕೊಳ್ಳಲು ಹೆದರಿದರೆ ಅದಕ್ಕೆ ಕಾರಣ ಅವನ ಸ್ವಭಾವವಲ್ಲ, ಹತ್ತು ವರ್ಷದ ಅನುಭವ.

ಉಳಿಸಿಕೊಳ್ಳದ ಚಾಳಿ ಮೈದಾನದ ಹೊರಗೆ ಇನ್ನೂ ಸ್ಪಷ್ಟ. ಶೀನ್ಸ್ 2012ರ ಕೊನೆಯಲ್ಲಿ ಹೊರಬಿದ್ದರು. ಬಳಿಕ ಮಿಕ್ ಪಾಟರ್, ಜೇಸನ್ ಟೇಲರ್, ಕ್ಲಿಯರಿ, ಮಗ್ವಾಯರ್, ಮತ್ತೆ ಅದೇ ಶೀನ್ಸ್, ಈಗ ಬೆಂಜಿ ಮಾರ್ಷಲ್. 2013ರಿಂದ 2024ರ ನಡುವಿನ ಹನ್ನೆರಡು ಸೀಸನ್‌ಗಳಿಗೆ, ಹಂಗಾಮಿಗಳನ್ನು ಬಿಟ್ಟು, ಆರು ಕೋಚ್‌ಗಳು. ಶೀನ್ಸ್ ಅವರ ಎರಡನೆಯ ಅವಧಿಯನ್ನೇ ನೋಡಿ: ಅವರು ಎರಡು ವರ್ಷ ಇದ್ದು, ಜೊತೆಯಲ್ಲಿ ಮಾರ್ಷಲ್‌ರನ್ನು ಪಳಗಿಸಿ, 2025ಕ್ಕೆ ಜವಾಬ್ದಾರಿ ಒಪ್ಪಿಸುವುದೆಂದು ಕ್ಲಬ್ಬೇ ಊರಿಗೆಲ್ಲ ಸಾರಿತ್ತು. ಒಂದೇ ವರ್ಷಕ್ಕೆ ಆ ಯೋಜನೆ ಮುರಿದುಬಿತ್ತು. ಆಟಗಾರರದ್ದೂ ಇದೇ ಕಥೆ. ಜೇಮ್ಸ್ ಟೆಡೆಸ್ಕೊ, ಮಿಚೆಲ್ ಮೋಸಸ್, ಆರನ್ ವುಡ್ಸ್, ಲ್ಯೂಕ್ ಬ್ರೂಕ್ಸ್, ಈ ನಾಲ್ವರೂ 2017ರಲ್ಲಿ ಒಟ್ಟಿಗೆ ತಂಡದಲ್ಲಿದ್ದರು. ಅವರ ಒಪ್ಪಂದಗಳು ಒಂದೇ ಸಮಯಕ್ಕೆ ಮುಗಿಯುವಂತೆ ಬಿಟ್ಟದ್ದರ ಫಲವಾಗಿ ಮೂವರು ಕೈತಪ್ಪಿದರು. ಟೆಡೆಸ್ಕೊ ರೂಸ್ಟರ್ಸ್ ಸೇರಿ 2018, 2019ರಲ್ಲಿ ಕಪ್ ಗೆದ್ದರು. ಮೋಸಸ್ ಪ್ಯಾರಮಟ್ಟಾವನ್ನು 2022ರ ಗ್ರಾಂಡ್ ಫೈನಲ್‌ಗೆ ಒಯ್ದರು. 2020ರ ಗ್ರಾಂಡ್ ಫೈನಲ್ ಇದಕ್ಕೆಲ್ಲ ಕಳಶವಿಟ್ಟ ಹಾಗಿತ್ತು: ಗೆದ್ದ ಮೆಲ್ಬರ್ನ್ ಸ್ಟಾರ್ಮ್‌ನ ಜೋಶ್ ಆಡೊ-ಕಾರ್ ಮತ್ತು ಪಂದ್ಯಶ್ರೇಷ್ಠ ರಯಾನ್ ಪಾಪೆನ್‌ಹೈಸನ್, ಇಬ್ಬರೂ ಟೈಗರ್ಸ್ ಮನೆಯಿಂದ ಹೋದವರು, ಸೋತ ಪೆನ್ರಿತ್‌ನ ಕೋಚ್ ಕ್ಲಿಯರಿ, ಅವರೂ ಅದೇ ಮನೆಯಿಂದ ಹೋದವರು.

ಐಪಿಎಲ್ ನೋಡುವ ನಮಗೆ ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಕೆಲವು ವರ್ಷಕ್ಕೊಮ್ಮೆ ದೊಡ್ಡ ಹರಾಜು ನಡೆದು ತಂಡಗಳು ಹೊಸದಾಗಿ ಕೂಡಿಕೊಳ್ಳುತ್ತವೆ. ಹಿಂದಿನ ತಪ್ಪುಗಳು ಸ್ವಲ್ಪಮಟ್ಟಿಗಾದರೂ ತೊಳೆದುಹೋಗುತ್ತವೆ. ಎನ್‌ಆರ್‌ಎಲ್‌ನಲ್ಲಿ ಹರಾಜಿಲ್ಲ. ಕಡೆಯ ತಂಡಕ್ಕೆ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕು ಕೊಡುವ ಡ್ರಾಫ್ಟ್ ಪದ್ಧತಿಯೂ ಇಲ್ಲ. ಅಂಥದ್ದೊಂದನ್ನು ಜಾರಿಗೆ ತಂದಾಗ ಆಟಗಾರರು ನ್ಯಾಯಾಲಯಕ್ಕೆ ಹೋದರು. ಎಲ್ಲಿ ದುಡಿಯಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅದು ಕಿತ್ತುಕೊಳ್ಳುತ್ತದೆ ಎಂದು 1991ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಹಾಗಾಗಿ ಸೋತ ಕ್ಲಬ್ ಮೇಲೆದ್ದು ಬರಬೇಕಾದರೆ ತನ್ನ ಕಿರಿಯರನ್ನು ಬೆಳೆಸಿ, ಉಳಿಸಿಕೊಂಡೇ ಬರಬೇಕು. ಬೇರೆ ದಾರಿ ಬಹಳ ಕಿರಿದು. ಟೈಗರ್ಸ್ ಕೈಯಲ್ಲಿ ಎರಡು ಹಳೆಯ ಕ್ಲಬ್‌ಗಳ ನೆಲವಿದೆ. ಕ್ಯಾಂಪ್‌ಬೆಲ್‌ಟೌನ್ ಸುತ್ತಲಿನ ಮಕಾರ್ಥರ್ ಪ್ರದೇಶ ಸಿಡ್ನಿಯ ಒಳ್ಳೆಯ ಆಟಗಾರರ ತವರು. ಬೆಳೆ ಇಲ್ಲೇ ಬಂದಿದೆ. ಕೊಯ್ಲು ಮಾಡಿಕೊಂಡು ಹೋದವರು ಬೇರೆಯವರು.

ಕೆಲವರು ರೆಫರಿಗಳತ್ತ ಬೆರಳು ತೋರಿಸುತ್ತಾರೆ, ಅದಕ್ಕೂ ಆಧಾರವಿಲ್ಲದಿಲ್ಲ. 2022ರ ಜುಲೈ 24ರಂದು ಟೌನ್ಸ್‌ವಿಲ್‌ನಲ್ಲಿ ಟೈಗರ್ಸ್ 26–25ರಿಂದ ಮುಂದಿತ್ತು, ಸಮಯ ಮುಗಿದಿತ್ತು. ಕೌಬಾಯ್ಸ್ ಕೇಳಿದ ಮರುಪರಿಶೀಲನೆಯಲ್ಲಿ ಪೆನಾಲ್ಟಿ ಸಿಕ್ಕಿ, ವ್ಯಾಲೆಂಟೈನ್ ಹೋಮ್ಸ್ ಗೋಲು ಹೊಡೆದು ಪಂದ್ಯ 27–26 ಆಯಿತು. ಕರುಳು ಹಿಂಡುವಂಥ ಸೋಲು ಅದು, ನಿಜ. ಆದರೆ ಅದೊಂದು ಪಂದ್ಯ ದಕ್ಕಿದ್ದರೂ ಆ ವರ್ಷ ನಾಲ್ಕರ ಬದಲು ಐದು ಗೆಲುವು ಆಗುತ್ತಿತ್ತು, ಅಷ್ಟೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಕೋಚ್‌ಗಳ ತಲೆದಂಡ ಕೇಳಿದವರು ಅಭಿಮಾನಿಗಳೇ ಅಲ್ಲವೇ? ಅವರ ಕೂಗಿಗೆ ಮಣಿದೇ ಕ್ಲಬ್ ಹೀಗೆ ದಿಕ್ಕು ಬದಲಿಸುತ್ತ ಬಂದಿತಲ್ಲವೇ? ಕೂಗು ಇದ್ದದ್ದು ನಿಜ. ಆದರೆ ಕ್ಲಬ್ ನಡೆಸುವವರಿಗೆ ಸಂಬಳ ಕೊಡುವುದೇ ಕೂಗು ಕೇಳಿಸಿಕೊಂಡು, ಅದರ ಹಿಂದಿನ ಅರ್ಥ ಹಿಡಿದು, ವಿವೇಚನೆಯಿಂದ ನಡೆಯಲಿ ಎಂದು. ಗ್ಯಾಲರಿಯ ಮಾತಿಗೆ ಕೋಚ್‌ನನ್ನು ಬಲಿ ಕೊಡುವ ಆಡಳಿತ ಅದೇ ಗ್ಯಾಲರಿಯನ್ನು ತಾಳ್ಮೆಗೆಟ್ಟವರು ಎಂದು ದೂರುವಂತಿಲ್ಲ. ಪೆನ್ರಿತ್‌ನ ಉದಾಹರಣೆ ಇಲ್ಲಿ ಕಣ್ಣು ತೆರೆಸುತ್ತದೆ. ಅಲ್ಲೂ ಕೋಚ್‌ಗಳು ಬದಲಾದರು. 2015ರಲ್ಲಿ ಇದೇ ಕ್ಲಿಯರಿಯನ್ನು, 2018ರಲ್ಲಿ ಆಂಥನಿ ಗ್ರಿಫಿನ್‌ರನ್ನು ಕಿತ್ತುಹಾಕಿದರು. ಬದಲಾಗದೆ ಉಳಿದದ್ದು ಕ್ಲಬ್ಬಿನ ಆಡಳಿತಗಾರ ಫಿಲ್ ಗೌಲ್ಡ್ 2011ರಿಂದ ಕಟ್ಟತೊಡಗಿದ ಕಿರಿಯರ ತರಬೇತಿಯ ಮೆಟ್ಟಿಲು. ಕೋಚ್ ಬಂದರು, ಹೋದರು. ಹದಿನಾರರ ಹುಡುಗ ಹತ್ತಬೇಕಾದ ಮೆಟ್ಟಿಲು ಅಲ್ಲೇ ಇತ್ತು. ಟೈಗರ್ಸ್‌ನಲ್ಲಿ ಪ್ರತಿ ಕೋಚ್‌ನ ಜೊತೆ ಯೋಜನೆಯೂ ಗಂಟುಮೂಟೆ ಕಟ್ಟಿತು. ಮಗ್ವಾಯರ್ ಟೈಗರ್ಸ್ ಬಿಟ್ಟ ಮೇಲೆ ನ್ಯೂಜಿಲೆಂಡ್ ತಂಡದೊಡನೆ 2023ರಲ್ಲಿ ಆಸ್ಟ್ರೇಲಿಯಾವನ್ನು 30–0ರಿಂದ ಸೋಲಿಸಿದರು, 2024ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಒರಿಜಿನ್ ಸರಣಿ ಗೆದ್ದುಕೊಟ್ಟರು. ದೋಷ ಕೋಚ್‌ಗಳಲ್ಲೇ ಇದ್ದಿದ್ದರೆ ಅದು ಅವರ ಬೆನ್ನಿಗೇ ಹೋಗಬೇಕಿತ್ತು.

ದೋಷ ಎಲ್ಲಿತ್ತೆಂದು ಕೊನೆಗೆ ಕ್ಲಬ್ಬಿನ ಮಾಲೀಕರೇ ಒಪ್ಪಿಕೊಳ್ಳಬೇಕಾಯಿತು. ಸುಳಿವು ಮೊದಲೇ ಸಿಕ್ಕಿತ್ತು. ಒಬ್ಬ ಆಟಗಾರನಿಗೆ ನಿವೃತ್ತಿಯ ಬಳಿಕ ಕೊಡುವುದಾಗಿ ಒಪ್ಪಿಕೊಂಡ ರಾಯಭಾರಿ ಕೆಲಸದ ಹಣವನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕೆ 2018ರ ಡಿಸೆಂಬರ್‌ನಲ್ಲಿ ಎನ್‌ಆರ್‌ಎಲ್ ಟೈಗರ್ಸ್ ಮೇಲೆ 7.5 ಲಕ್ಷ ಡಾಲರ್ ದಂಡ ಘೋಷಿಸಿತು. ಸಂಬಳದ ಮಿತಿ ಇರುವ ಲೀಗ್‌ನಲ್ಲಿ ಲೆಕ್ಕಪತ್ರವೂ ಆಟದ ಒಂದು ಭಾಗ; ಅಲ್ಲಿ ಎಡವಿದರೆ ಮೈದಾನದಲ್ಲಿ ಬೆಲೆ ತೆರಬೇಕಾಗುತ್ತದೆ. 2015ರಿಂದ 2023ರ ಕೊನೆಯವರೆಗೆ ಸಿಇಒ ಹುದ್ದೆಯಲ್ಲಿದ್ದವರು ಜಸ್ಟಿನ್ ಪ್ಯಾಸ್ಕೋ. ಕಾಂಕರ್ಡ್‌ನಲ್ಲಿ ಒಳ್ಳೆಯ ತರಬೇತಿ ಕೇಂದ್ರ ಎದ್ದು ನಿಂತದ್ದು ಅವರ ಕಾಲದಲ್ಲೇ, ಅದನ್ನು ಮರೆಯಬಾರದು. ಆದರೆ ಟೇಲರ್, ಕ್ಲಿಯರಿ, ಮಗ್ವಾಯರ್, ಶೀನ್ಸ್ ನಾಲ್ವರೂ ಹೋದದ್ದೂ ಆ ಅವಧಿಯಲ್ಲೇ. ಎರಡನೆಯ ವುಡನ್ ಸ್ಪೂನ್ ಬಂದ ಮೇಲೆ ಮಾಲೀಕ ಸಂಸ್ಥೆ ಹೋಲ್ಮನ್ ಬಾರ್ನ್ಸ್ ಗ್ರೂಪ್ ಹೊರಗಿನವರಿಂದ ಪರಿಶೀಲನೆ ಮಾಡಿಸಿತು. ವರದಿಯ ಬೆನ್ನಿಗೆ, 2023ರ ಡಿಸೆಂಬರ್‌ನಲ್ಲಿ ಆಡಳಿತ ಮಂಡಳಿ ಬದಲಾಯಿತು, ಪ್ಯಾಸ್ಕೋ ಹೊರನಡೆದರು. ಹೊಸ ಅಧ್ಯಕ್ಷರಾಗಿ ಬಂದವರು ಬ್ಯಾರಿ ಒ’ಫ್ಯಾರೆಲ್, ನ್ಯೂ ಸೌತ್ ವೇಲ್ಸ್‌ನ ಮಾಜಿ ಮುಖ್ಯಮಂತ್ರಿ, ಅದೇ ವರ್ಷದವರೆಗೆ ದೆಹಲಿಯಲ್ಲಿ ಆಸ್ಟ್ರೇಲಿಯಾದ ಹೈ ಕಮಿಷನರ್ ಆಗಿದ್ದವರು. ಅಭಿಮಾನಿಗಳು ವರ್ಷಗಟ್ಟಲೆ ಹೇಳುತ್ತಿದ್ದದ್ದು ಇದನ್ನೇ: ತೊಂದರೆ ಹದಿಮೂರು ಜನರಲ್ಲಿಲ್ಲ, ಮೇಲಿನ ಕೋಣೆಯಲ್ಲಿದೆ. ವರದಿಗೆ ಹಣ ತೆತ್ತು ಕೊಂಡ ಸತ್ಯ ದಿಬ್ಬದ ಮೇಲೆ ಕೂತವರಿಗೆ ಮೊದಲೇ ತಿಳಿದಿತ್ತು.

ಆದರೆ ಅದೇ ದಿಬ್ಬದಿಂದ ಬಂದ ಇನ್ನೊಂದು ಮಾತನ್ನು ನಾನು ಒಪ್ಪಲಾರೆ. ಮೇಲಿನ ಕೋಣೆ ಕಣ್ಣಿಗೆ ಕಾಣುವುದಿಲ್ಲ. ಮೈದಾನದಲ್ಲಿ ಕಾಣುವವನು ತಂಡದ ಆಟವನ್ನು ನಡೆಸುವ ಹಾಫ್‌ಬ್ಯಾಕ್. ಹದಿನೆಂಟರ ಹರೆಯದಲ್ಲಿ, 2013ರಲ್ಲಿ ತಂಡಕ್ಕೆ ಬಂದ ಲ್ಯೂಕ್ ಬ್ರೂಕ್ಸ್ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದರು. ಒಂದೇ ಒಂದು ಫೈನಲ್ಸ್ ಪಂದ್ಯ ಅವರಿಗೆ ಟೈಗರ್ಸ್ ಜರ್ಸಿಯಲ್ಲಿ ಸಿಗಲಿಲ್ಲ. ನಾಲ್ವರಲ್ಲಿ ಮೂವರು ಹೋದಾಗ ಉಳಿದವರು ಅವರು. ಉಳಿದದ್ದಕ್ಕೆ ಸಿಕ್ಕ ಬಹುಮಾನವೆಂದರೆ ದಶಕದ ಸೋಲನ್ನೆಲ್ಲ ಅವರೊಬ್ಬರ ಹೆಸರಿಗೆ ಬರೆದದ್ದು. 2024ರಲ್ಲಿ ಮ್ಯಾನ್ಲಿ ಸೇರಿದರು, ಮೊದಲ ವರ್ಷವೇ ಫೈನಲ್ಸ್ ಆಡಿದರು. ಅವರು ಟೈಗರ್ಸ್ ಬಿಟ್ಟ ವರ್ಷವೂ ಟೈಗರ್ಸ್ ಕಡೆಯ ಸ್ಥಾನದಲ್ಲೇ ಇತ್ತು. 2025ರಲ್ಲಿ ಒಪ್ಪಂದ ಮುಂದುವರಿಸುವುದಿಲ್ಲ ಎಂದ ಹತ್ತೊಂಬತ್ತರ ಲಾಕ್ಲನ್ ಗ್ಯಾಲ್ವಿನ್ ಮೇಲೂ ಇದೇ ಬಗೆಯ ಬಿರುಗಾಳಿ ಎದ್ದಿತು. ಆತ ಸೀಸನ್ ನಡುವೆಯೇ ಬುಲ್‌ಡಾಗ್ಸ್ ಸೇರಿದ. ಹುಡುಗನ ನಿರ್ಧಾರವನ್ನು ಟೀಕಿಸಬಹುದು. ಆದರೆ ಪ್ರತಿಭೆಯುಳ್ಳವರು ಒಬ್ಬರ ನಂತರ ಒಬ್ಬರು ಹೋಗುವುದನ್ನು ಹತ್ತು ವರ್ಷದಿಂದ ಕಂಡವರು, ಹೊಸದಾಗಿ ಹೊರಟವನನ್ನೊಬ್ಬನನ್ನೇ ದ್ರೋಹಿ ಎನ್ನುವಾಗ, ತಾವೇ ಕಲೆಹಾಕಿದ ಸಾಕ್ಷ್ಯವನ್ನು ಮರೆಯುತ್ತಾರೆ. ಸಿಟ್ಟು ಹೀಗೆ ಗುರಿ ತಪ್ಪಿದಷ್ಟೂ ಅನುಕೂಲವಾಗುವುದು ನಿಜವಾಗಿ ಉತ್ತರ ಕೊಡಬೇಕಾದವರಿಗೆ. ಆಟಗಾರನ ಫೋನಿಗೆ ಬೈಗುಳ ಕಳಿಸುವುದನ್ನಂತೂ ಅಭಿಮಾನದ ಲೆಕ್ಕಕ್ಕೆ ಸೇರಿಸುವಂತೆಯೇ ಇಲ್ಲ.

ನಿಜವಾದ ಅಭಿಮಾನಿ ಷರತ್ತಿಲ್ಲದೆ ಜೊತೆಗಿರಬೇಕು, ಪ್ರಶ್ನೆ ಕೇಳಬಾರದು ಎಂಬ ವಾದವೂ ಇದೆ. ಜೊತೆಗಿರುವುದು ಮತ್ತು ಪ್ರಶ್ನೆ ಕೇಳದಿರುವುದು ಒಂದೇ ಎಂದುಕೊಂಡದ್ದೇ ಇದರ ಎಡವಟ್ಟು. ಟೈಗರ್ಸ್ ಅಭಿಮಾನಿಗಳು ಮೂರು ವುಡನ್ ಸ್ಪೂನ್‌ಗಳ ನಡುವೆಯೂ ಸದಸ್ಯತ್ವ ನವೀಕರಿಸಿದ್ದಾರೆ, ಮಕ್ಕಳಿಗೆ ಕಿತ್ತಳೆ–ಕಪ್ಪು ಜರ್ಸಿ ತೊಡಿಸಿದ್ದಾರೆ, ಮಳೆಯಲ್ಲಿ ಹುಲ್ಲಿನ ಮೇಲೆ ಕೂತಿದ್ದಾರೆ. ಹೀಗೆ ಉಳಿದವನಿಗೇ ಕೇಳುವ ಹಕ್ಕು ಹೆಚ್ಚು. ಕೆಳದರ್ಜೆಗೆ ಇಳಿಸುವ ಶಿಕ್ಷೆ ಇಲ್ಲದ, ಟಿವಿ ಹಣ ಸೋತವರಿಗೂ ಹಂಚಿಕೆಯಾಗುವ ಲೀಗ್‌ನಲ್ಲಿ ಕೆಟ್ಟ ಆಡಳಿತಕ್ಕೆ ಬಿಸಿ ಮುಟ್ಟಿಸಲು ಅಭಿಮಾನಿಯ ಅಸಮಾಧಾನ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಅದನ್ನೂ ಸುಮ್ಮನಾಗಿಸಿದರೆ ಕ್ಲಬ್ ತನ್ನ ತಪ್ಪು ತಿದ್ದಿಕೊಳ್ಳಬೇಕಾದ ಒತ್ತಡ ಎಲ್ಲಿಂದ ಬರಬೇಕು? ನ್ಯೂಕ್ಯಾಸಲ್ ನೈಟ್ಸ್ ಕೂಡ 2015ರಿಂದ 2017ರವರೆಗೆ ಮೂರು ಸಲ ಕಡೆಯ ಸ್ಥಾನ ಕಂಡಿತ್ತು. 2017ರ ಕೊನೆಗೆ ಮಾಲೀಕತ್ವ ಬದಲಾಗಿ, 2020ಕ್ಕೆ ಫೈನಲ್ಸ್ ತಲುಪಿತು. 2025ರಲ್ಲಿ ಮತ್ತೆ ಕಡೆಗೆ ಜಾರಿದೆ, ಹಾಗಾಗಿ ಅದನ್ನು ಮಾದರಿಯೆಂದು ಮೆರೆಸಲಾರೆ. ಮೂರು ಸ್ಪೂನ್‌ಗಳ ಬಳಿಕವೂ ಮೂರೇ ವರ್ಷದಲ್ಲಿ ಏಳಬಹುದು ಎಂಬುದಕ್ಕಂತೂ ಅದು ಸಾಕ್ಷಿ.

ಟೈಗರ್ಸ್ 2025ರಲ್ಲಿ ಒಂಬತ್ತು ಪಂದ್ಯ ಗೆದ್ದಿದೆ, ಸ್ಪೂನ್ ತಪ್ಪಿಸಿಕೊಂಡಿದೆ. ಪೆನ್ರಿತ್‌ನ ನಾಲ್ಕೂ ಕಪ್‌ಗಳಲ್ಲಿ ಆಡಿದ ಜರೋಮ್ ಲುವಾಯಿ ತಂಡಕ್ಕೆ ಬಂದಿದ್ದಾರೆ, ಮಾರ್ಷಲ್ ಕೋಚ್ ಆಗಿ ಉಳಿದಿದ್ದಾರೆ. ಸುಧಾರಣೆ ಕಾಣುತ್ತಿದೆ. ಅಭಿಮಾನಿ ಇಷ್ಟಕ್ಕೆ ತಣ್ಣಗಾಗಬಾರದು ಎಂಬುದು ನನ್ನ ಅಭಿಪ್ರಾಯ. ಟಿಕೆಟ್ ಸದಸ್ಯತ್ವ ಪಡೆದವನಿಗೆ ಕ್ಲಬ್ಬಿನ ಆಡಳಿತ ಆರಿಸುವುದರಲ್ಲಿ ಇಂದಿಗೂ ಮತವಿಲ್ಲ; ಬಹುಪಾಲು ಒಡೆತನ ಒಂದೇ ಸಂಸ್ಥೆಯ ಕೈಯಲ್ಲಿದೆ. ಇದು ಬದಲಾಗದ ಸಂಗತಿಯೇನಲ್ಲ. 2006ರಲ್ಲಿ ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಅ ಕೋರ್ಟ್ ಸೌತ್ ಸಿಡ್ನಿ ಕ್ಲಬ್ಬಿನ ನೂರಕ್ಕೆ 75ರಷ್ಟು ಪಾಲು ಕೊಂಡಾಗ ಆ ಮಾರಾಟಕ್ಕೆ ಸದಸ್ಯರ ಮತ ಬೇಕಾಯಿತು. ಉಳಿದ ಕಾಲು ಪಾಲು ಸದಸ್ಯರಲ್ಲೇ ಉಳಿಯಿತು. ಎಂಟು ವರ್ಷದ ಬಳಿಕ, 2014ರಲ್ಲಿ, ಆ ಕ್ಲಬ್ ಕಪ್ ಗೆದ್ದಿತು. ಟೈಗರ್ಸ್ ಮಾಲೀಕರು ಆಡಳಿತ ಮಂಡಳಿಯಲ್ಲಿ ಎರಡು ಸ್ಥಾನಗಳನ್ನಾದರೂ ಟಿಕೆಟ್ ಸದಸ್ಯರ ಮತಕ್ಕೆ ಬಿಟ್ಟುಕೊಡಲಿ. ಬಾಲ್ಮೇನ್ ಮತ್ತು ಕ್ಯಾಂಪ್‌ಬೆಲ್‌ಟೌನ್‌ನ ಅಭಿಮಾನಿಗಳು ಮುಂದಿನ ಬೇಡಿಕೆಯಾಗಿ ಇದನ್ನು ಇಡಲಿ, ಹಾಫ್‌ಬ್ಯಾಕ್‌ನನ್ನು ಬಿಟ್ಟುಬಿಡಲಿ.